ಮುಖ ಕಾಣದ ಮಾತು

ಕೊಡಗಿನ ಒಂದು ಊರು. ಬೆಳಗಿನ ಮಂಜು ಇನ್ನೂ ಬಿಟ್ಟಿಲ್ಲ. ದೂರದಲ್ಲಿ ಗುಂಡಿನ ಸದ್ದು ಕೇಳ್ತದೆ. ಢಂ! ಅದರ ಹಿಂದೆಯೇ ಇನ್ನೊಂದು. ಢಂ!

ಮನೆಯ ಹಿರಿಯರು ಕೈಯಲ್ಲಿದ್ದ ಕೆಲಸ ಬಿಡ್ತಾರೆ. "ಯಾರೋ ತೀರಿಕೊಂಡ್ರು" ಅಂತಾರೆ. ಸದ್ದು ಯಾವ ಕಡೆಯಿಂದ ಬಂತು ಅಂತ ಕಿವಿ ಕೊಡ್ತಾರೆ. ಆ ಕಡೆ ಹೊರಡ್ತಾರೆ.

ಕೊಡವರಲ್ಲಿ ಇದು ಹಿಂದಿನಿಂದ ಬಂದ ಪದ್ಧತಿ. ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸೋದು. ಸಾವಾದರೆ ಎರಡು ಗುಂಡು. ಹೆಣ್ಣು ಮಗು ಹುಟ್ಟಿದರೆ ಗುಂಡು ಯಾಕಿಲ್ಲ ಅಂತ ನೀವು ಕೇಳಬಹುದು. ಕೇಳಬೇಕಾದ ಮಾತೇ. ಅದಕ್ಕೆ ಇನ್ನೊಂದು ಪುಸ್ತಕ ಬೇಕು.

ಆ ಗುಂಡಿನ ಸದ್ದು ಅಂದರೆ ಏನು? ಅದೊಂದು ಸುದ್ದಿ. ಓದು ಬರಹ ಬೇಡದ ಸುದ್ದಿ. ಅದಕ್ಕೆ ಒಂದೇ ಅರ್ಥ. ಅದು ಒಂದೆರಡು ಗುಡ್ಡ ದಾಟಿ ನಿಂತು ಹೋಗ್ತದೆ. ಕೇಳಿದವರು ಆ ಮನೆಗೆ ನಡೆದು ಹೋಗ್ತಾರೆ. ಅಲ್ಲಿ ಮುಖ ನೋಡ್ತಾರೆ. ಕೈ ಹಿಡೀತಾರೆ. ಆಮೇಲೆ ಮಾತು.

ಈಗ ಸುದ್ದಿ ಇನ್ನೊಂದು ದಾರಿಯಲ್ಲೂ ಬರ್ತದೆ. ಕಾಫಿ ಕೊಯ್ಯುವಾಗ ಸೊಂಟಕ್ಕೆ ಕಟ್ಟಿದ ಚೀಲದಲ್ಲಿ ಫೋನು "ಟಿಣ್" ಅನ್ನುತ್ತದೆ. ತೆಗೆದು ನೋಡಿದರೆ ಸಾವಿನ ಸುದ್ದಿ. ಅದರ ಕೆಳಗೆ ಯಾರೋ ಹೆಬ್ಬೆರಳಿನ ಚಿತ್ರ ಹಾಕಿದ್ದಾರೆ. ಅವರ ಮನಸ್ಸಿನಲ್ಲಿ ಅದಕ್ಕೆ "ವಿಷಯ ತಿಳಿಯಿತು" ಅಂತ ಅರ್ಥ. ಸತ್ತವರ ಮನೆಯವರಿಗೆ ಅದು "ಒಳ್ಳೇದಾಯ್ತು" ಅಂದ ಹಾಗೆ ಕಾಣ್ತದೆ.

ಅಕ್ಕಂದಿರೇ, ಈ ಪಾಠ ಅದರ ಬಗ್ಗೆ. ಫೋನು ನಮ್ಮನ್ನು ಹೇಗೆ ಹತ್ತಿರ ತರ್ತದೆ? ಅದೇ ಫೋನಿನಲ್ಲಿ ಮಾತು ಯಾಕೆ ಕೆಡ್ತದೆ?

ಜಾಲ ಅಂದರೆ ಬಲೆ

ವಾಟ್ಸಾಪು, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್. ಈ ಹೆಸರುಗಳನ್ನು ನೀವು ಕೇಳಿದ್ದೀರಿ. ಮಕ್ಕಳ ಬಾಯಲ್ಲಿ ದಿನಾ ಇರ್ತವೆ. ಪೇಪರಿನವರು ಇವಕ್ಕೆಲ್ಲ ಸೇರಿಸಿ "ಸಾಮಾಜಿಕ ಜಾಲತಾಣ" ಅಂತ ಬರೀತಾರೆ. ಉದ್ದದ ಮಾತು. ಬಿಡಿಸಿ ಓದೋಣ. ಜಾಲ ಅಂದರೆ ಬಲೆ. ತಾಣ ಅಂದರೆ ಜಾಗ. ಜನರನ್ನು ಬಲೆಯ ನೂಲಿನ ಹಾಗೆ ಒಬ್ಬರಿಗೊಬ್ಬರು ಹೆಣೆಯುವ ಜಾಗ.

ಬಲೆ ಹೆಣೆದವರು ಯಾರು? ದೊಡ್ಡ ಕಂಪನಿಗಳು. ಫೇಸ್‌ಬುಕ್ ಅಮೆರಿಕದಲ್ಲಿ 2004ರಲ್ಲಿ ಶುರುವಾಯಿತು. ವಾಟ್ಸಾಪು 2009ರಲ್ಲಿ. 2014ರಲ್ಲಿ ಫೇಸ್‌ಬುಕ್‌ನವರು ವಾಟ್ಸಾಪನ್ನು ಕೊಂಡರು. ನಮ್ಮ ದೇಶದಲ್ಲಿ 2016ರ ಮೇಲೆ ಫೋನಿನ ಡಾಟಾ ತುಂಬಾ ಅಗ್ಗ ಆಯ್ತು. ಆಗ ಇವು ಹಳ್ಳಿಗೂ ಬಂದವು, ತೋಟದ ಲೈನ್ ಮನೆಗೂ ಬಂದವು.

ಇದರಿಂದ ಒಳ್ಳೆಯದು ಆಗಿಲ್ಲವೆ? ಬಹಳ ಆಗಿದೆ. ಸಂಜೆ ಹೊತ್ತು ಲೈನ್ ಮನೆಯ ಜಗಲಿ ನೋಡಿ. ಅಸ್ಸಾಮಿನಿಂದ ಕೆಲಸಕ್ಕೆ ಬಂದ ಹೆಣ್ಣುಮಗಳು ಫೋನ್ ಹಿಡಿದು ಕೂತಿರ್ತಾಳೆ. ಅಲ್ಲಿ ಅವಳ ತಾಯಿ ಮುಖ ಕಾಣ್ತದೆ. ರೈಲಿನಲ್ಲಿ ಹೋದರೆ ಕೆಲವು ದಿನದ ದಾರಿ. ಫೋನಿನಲ್ಲಿ ಒಂದು ಗಳಿಗೆ. ಮಗ ಗಲ್ಫಿನಲ್ಲಿದ್ದರೂ, ಮಗಳು ಬೆಂಗಳೂರಿನಲ್ಲಿದ್ದರೂ ಹಾಗೆಯೇ.

ಆನೆಯ ಕಾಟ ಇರುವ ಕಡೆ ಗ್ರೂಪು ಜೀವ ಉಳಿಸುವ ಕೆಲಸವನ್ನೂ ಮಾಡ್ತದೆ. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ, ಅಮ್ಮತ್ತಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. "ಈ ತೋಟದಲ್ಲಿ ಆನೆ ಇದೆ, ಈ ದಾರಿಯಲ್ಲಿ ಬರಬೇಡಿ" ಅಂತ ಬೆಳಿಗ್ಗೆ ಒಂದು ಸಾಲು ಬಂದರೆ ಸಾಕು. ಕೆಲಸಕ್ಕೆ ಹೊರಟವರು ಬೇರೆ ದಾರಿ ಹಿಡೀತಾರೆ.

ಇನ್ನೊಂದು ಮಾತು. ಕೊಡಗಿನಲ್ಲಿ ಎಷ್ಟು ಭಾಷೆ ಇವೆ! ಕೊಡವ ತಕ್ಕ್, ಅರೆಭಾಷೆ, ಕನ್ನಡ, ತುಳು, ಮಲಯಾಳ. ಯರವರ ಮಾತು, ಕುರುಬರ ಮಾತು. ಇವುಗಳಲ್ಲಿ ಕೆಲವನ್ನು ಶಾಲೆಯಲ್ಲಿ ಯಾರೂ ಬರೆಸುವುದಿಲ್ಲ. ಆದರೆ ಫೋನಿನ ಮೈಕಿನ ಚಿತ್ರ ಒತ್ತಿ ಹಿಡಿದರೆ ಯಾವ ಭಾಷೆ ಆದರೂ ಆಗ್ತದೆ. ಮನೆಮಾತಿನಲ್ಲೇ ಹೇಳಬಹುದು. ಆಚೆಯವರು ದನಿಯನ್ನು ಹಾಗೆಯೇ ಕೇಳ್ತಾರೆ. ಓದು ಬಾರದಿದ್ದಾಗ ನಿಮ್ಮಲ್ಲಿ ಎಷ್ಟೋ ಜನ ಹೀಗೇ ಮಾತಾಡಿದ್ದೀರಿ. ಓದು ಬಂತು ಅಂತ ಅದನ್ನು ಬಿಡಬೇಡಿ. ಅದರ ಲಾಭ ಏನು ಅಂತ ಮುಂದೆ ಹೇಳ್ತೇನೆ.

2018ರ ಮಳೆ

2018ರ ಆಗಸ್ಟ್ ತಿಂಗಳು. ಮಧ್ಯಭಾಗದಲ್ಲಿ ಮಳೆ ಬಿಡದೆ ಹೊಡೆಯಿತು. ಗುಡ್ಡಗಳು ಜರಿದವು. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಮುಕ್ಕೋಡ್ಲು. ಈ ಹೆಸರುಗಳನ್ನು ಆಗ ದೇಶವೇ ಕೇಳಿತು. ಮನೆ, ತೋಟ, ಗದ್ದೆ ಮಣ್ಣಿನಡಿ ಹೋದವು. ಜನ ಸತ್ತರು. ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದರು. ಮಡಿಕೇರಿಯಿಂದ ಸಂಪಾಜೆ ಮೇಲೆ ಮಂಗಳೂರಿಗೆ ಹೋಗುವ ದಾರಿ ಮುಚ್ಚಿಹೋಯಿತು.

ಆಗ ಫೋನು ಬಹಳ ಕೆಲಸ ಮಾಡಿತು. "ನಾವು ಇಷ್ಟು ಜನ ಇಲ್ಲಿ ಸಿಕ್ಕಿ ಹಾಕಿಕೊಂಡಿದ್ದೇವೆ" ಅಂತ ಬರೆದ ಮಾತು ಕೈಯಿಂದ ಕೈಗೆ ದಾಟಿತು. ಜಾಗದ ಗುರುತು ದಾಟಿತು. ಹೊರಗಿನಿಂದ ಅಕ್ಕಿ, ಕಂಬಳಿ, ಔಷಧಿ ಬಂತು. ಮಡಿಕೇರಿಯಲ್ಲಿ ಗುಡ್ಡದ ಅಂಚಿನ ಒಂದು ಮನೆ ಬುಡ ಸಮೇತ ಜಾರಿ ಬೀಳುವ ವಿಡಿಯೊ ಎಲ್ಲೆಲ್ಲೂ ಓಡಾಡಿತು. ಅದನ್ನು ನೋಡಿದ ಮೇಲೆ ಕೊಡಗಿನ ಕಷ್ಟ ಎಷ್ಟು ದೊಡ್ಡದು ಅಂತ ದೂರದವರಿಗೆ ಬೇರೆ ಹೇಳಬೇಕಾಗಲಿಲ್ಲ.

ಆದರೆ ಇಲ್ಲಿ ಒಂದು ತೊಡಕು ಇದೆ. ನಿಧಾನವಾಗಿ ಓದಿ.

"ಇಂಥ ಊರಲ್ಲಿ 5 ಜನ ಸಿಕ್ಕಿ ಹಾಕಿಕೊಂಡಿದ್ದಾರೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ" ಅಂತ ಒಬ್ಬರು ಕಳಿಸ್ತಾರೆ ಅಂದುಕೊಳ್ಳಿ. ಮಧ್ಯಾಹ್ನಕ್ಕೆ ಆ 5 ಜನರನ್ನು ಕಾಪಾಡಿದ್ದಾಯ್ತು. ಅವರು ಪರಿಹಾರ ಕೇಂದ್ರದಲ್ಲಿ ಗಂಜಿ ಕುಡೀತಾ ಇದ್ದಾರೆ. ಆದರೆ ಬರೆದ ಮಾತಿಗೆ ಅದು ಗೊತ್ತಿಲ್ಲ. ಅದು ಇನ್ನೂ ಓಡ್ತಾ ಇದೆ. ರಾತ್ರಿಗೆ ಮೈಸೂರು, ಮರುದಿನ ದುಬೈ. ಆ ನಂಬರಿನವರಿಗೆ ಕರೆಯ ಮೇಲೆ ಕರೆ. ನಿಜವಾಗಿ ಸಿಕ್ಕಿಹಾಕಿಕೊಂಡ ಬೇರೆ ಯಾರೋ ಫೋನ್ ಮಾಡಿದರೆ ಲೈನ್ ಸಿಗೋದಿಲ್ಲ. ಮುಂದಿನ ವರ್ಷ ಮಳೆ ಬಂದಾಗ ಹಳೆಯ ವಿಡಿಯೊ "ಈಗಿನದು" ಅಂತ ಮತ್ತೆ ಬರ್ತದೆ. ನೋಡಿದವರು ಮತ್ತೆ ಹೆದರ್ತಾರೆ.

ತಪ್ಪು ಎಲ್ಲಿ? ಮೊದಲು ಬರೆದವರು ಸುಳ್ಳು ಹೇಳಿಲ್ಲ. ಮಾತಿನಲ್ಲಿ ದಿನಾಂಕ ಇರಲಿಲ್ಲ, ಅಷ್ಟೆ.

ನೀವು ಕಾಗದ ಬರೆಯೋದು ಕಲಿತಿದ್ದೀರಿ. ಕಾಗದದ ಬಲಗಡೆ, ಮೇಲೆ, ಏನು ಬರೀತೀರಿ? ಊರು. ದಿನಾಂಕ. ಕೆಳಗೆ? ನಿಮ್ಮ ಹೆಸರು. ಇದು ಬರೀ ಚಂದಕ್ಕೆ ಅಂತ ತಿಳಿದಿದ್ದೀರಾ? ಕಾಗದ ಯಾರ ಕೈಗೆ ಹೋದರೂ, ಯಾವಾಗ ಹೋದರೂ, ಇದನ್ನು ಯಾರು, ಎಲ್ಲಿಂದ, ಎಂದು ಬರೆದರು ಅಂತ ತಿಳೀಬೇಕು. ಫೋನಿನಲ್ಲಿ ಸಹಾಯ ಕೇಳುವಾಗಲೂ ಹಾಗೇ ಬರೆಯಿರಿ. ದಿನಾಂಕ, ಹೊತ್ತು, ಊರು, ಹೆಸರು. ಕಷ್ಟ ಕಳೆದ ಮೇಲೆ ಅದೇ ಗ್ರೂಪಿಗೆ ಇನ್ನೊಂದು ಸಾಲು: "ಸಹಾಯ ಸಿಕ್ಕಿತು. ಇನ್ನು ಇದನ್ನು ಕಳಿಸಬೇಡಿ."

ನಾನೂ ಒಮ್ಮೆ ತಪ್ಪಿದ್ದೇನೆ. ಕಾಣೆಯಾದ ಒಂದು ಮಗುವಿನ ಫೋಟೊ ಬಂತು. ಹೊಟ್ಟೆ ಚುರ್ ಅಂತು. ಹಿಂದೆ ಮುಂದೆ ನೋಡದೆ ನಾಲ್ಕು ಗ್ರೂಪಿಗೆ ಹಾಕಿದೆ. ಸಂಜೆ ಒಬ್ಬರು ಫೋನ್ ಮಾಡಿದರು. ಮಗು ಸಿಕ್ಕಿ ಎರಡು ವರ್ಷ ಆಗಿತ್ತಂತೆ. ಆ ತಂದೆತಾಯಿಗೆ ಇವತ್ತಿಗೂ ನಡುರಾತ್ರಿ ಫೋನ್ ಬರ್ತದಂತೆ. ಆ ಫೋನುಗಳಲ್ಲಿ ಒಂದೆರಡಾದರೂ ನನ್ನಿಂದ ಹೋದದ್ದೇ ಇರಬೇಕು.

ದನಿ ಇಲ್ಲದ ಅಕ್ಷರ

ಈಗ ಮಾತು ಕೆಡುವ ವಿಷಯಕ್ಕೆ ಬರೋಣ.

"ಸರಿ" ಅನ್ನುವ ಮಾತು ತೆಗೆದುಕೊಳ್ಳಿ. ಎರಡೇ ಅಕ್ಷರ. ನಗ್ತಾ ಹೇಳಿದರೆ ಒಪ್ಪಿಗೆ. ಮುಖ ತಿರುಗಿಸಿ ಹೇಳಿದರೆ ಸಿಟ್ಟು. ಉಸಿರು ಬಿಟ್ಟು ಹೇಳಿದರೆ ಬೇಸರ. ಅಡುಗೆಮನೆಯಲ್ಲಿ ಎದುರು ನಿಂತವರಿಗೆ ಯಾವ "ಸರಿ" ಅಂತ ಗೊತ್ತಾಗ್ತದೆ. ಫೋನಿನಲ್ಲಿ ಬರೆದ "ಸರಿ" ಮಾತ್ರ ಬರೀ "ಸರಿ". ಅದರ ದನಿಯನ್ನು ಓದುವವರೇ ತುಂಬಿಕೊಳ್ಳಬೇಕು. ನಮ್ಮ ಮನಸ್ಸು ಅವತ್ತು ಹೇಗಿದೆಯೋ ಹಾಗೆ ತುಂಬಿಕೊಳ್ತೇವೆ. ಮನಸ್ಸು ಕೆಟ್ಟಿದ್ದರೆ ಒಳ್ಳೆಯ ಮಾತೂ ಚುಚ್ಚಿದ ಹಾಗೆ ಕಾಣ್ತದೆ.

ನನಗೆ ಗೊತ್ತಿರುವ ಒಂದು ಸ್ವಸಹಾಯ ಸಂಘದಲ್ಲಿ ನಡೆದದ್ದು ಹೇಳ್ತೇನೆ. ಹೆಸರು ಬೇಡ. ಲೆಕ್ಕ ಬರೆಯುವ ಅಕ್ಕ ಗ್ರೂಪಿನಲ್ಲಿ ಹಾಕಿದರು: "ಈ ವಾರ ಇಬ್ಬರು ಹಣ ಕಟ್ಟಿಲ್ಲ." ಅವರ ಮನಸ್ಸಿನಲ್ಲಿ ಅದು ಬರೀ ಲೆಕ್ಕ. ಕಟ್ಟದ ಇಬ್ಬರಲ್ಲಿ ಒಬ್ಬರ ಮಗು ಆಸ್ಪತ್ರೆಯಲ್ಲಿತ್ತು. ಆ ಅಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇದನ್ನು ಓದಿದರು. "ನಿಮ್ಮ ದುಡ್ಡು ತಿಂದು ಓಡಿ ಹೋಗೋದಿಲ್ಲ" ಅಂತ ಬರೆದರು. ಅಷ್ಟರಲ್ಲಿ ಇನ್ನೊಬ್ಬರು ನಗುವ ಮುಖದ ಚಿತ್ರ ಹಾಕಿದರು. ಅವರು ನಕ್ಕದ್ದು ಇದಕ್ಕಲ್ಲ. ಬೆಳಿಗ್ಗೆ ಬಂದಿದ್ದ ಯಾವುದೋ ಜೋಕಿಗೆ. ಅವರ ಮನೆಯ ಹತ್ತಿರ ಸಿಗ್ನಲ್ ಸರಿ ಇಲ್ಲ. ಬೆಳಗಿನ ನಗು ಮಧ್ಯಾಹ್ನ ಬಂದು ಬಿತ್ತು!

ಆ ಅಕ್ಕ ಗ್ರೂಪು ಬಿಟ್ಟರು. ಮೂರು ವಾರ ಸಭೆಗೂ ಬರಲಿಲ್ಲ. ಹತ್ತು ವರ್ಷದಿಂದ ಒಂದೇ ಚಾಪೆಯ ಮೇಲೆ ಕೂತವರು ದಾರಿಯಲ್ಲಿ ಸಿಕ್ಕರೆ ತಲೆ ತಗ್ಗಿಸಿ ಹೋಗುವ ಹಾಗಾಯಿತು. ನಾಲ್ಕನೇ ವಾರ ಲೆಕ್ಕದ ಅಕ್ಕ ಮನೆಗೇ ಹೋದರು. "ಮಗು ಆಸ್ಪತ್ರೆಯಲ್ಲಿದ್ದದ್ದು ನನಗೆ ಗೊತ್ತಿರಲಿಲ್ಲ ಮಾರಾಯ್ತಿ" ಅಂದರು. ಕಾಫಿ ಕುಡಿದು ಬಂದರು. ಈಗ ಆ ಸಂಘದಲ್ಲಿ ಹಣ ಕಟ್ಟದವರ ಮಾತನ್ನು ಗ್ರೂಪಿನಲ್ಲಿ ಹಾಕುವುದಿಲ್ಲ. ಅವರೊಬ್ಬರಿಗೇ ಫೋನ್ ಮಾಡ್ತಾರೆ.

ನೋಡಿ, ಇದೇ ಮಾತನ್ನು ಸಭೆಯಲ್ಲಿ ಬಾಯಲ್ಲಿ ಹೇಳಿದ್ದರೆ ಐದು ನಿಮಿಷದಲ್ಲಿ ಮುಗೀತಿತ್ತು. ಮುಖ ಬಾಡಿದ್ದು ಕಾಣ್ತಿತ್ತು. "ಏನಾಯ್ತು?" ಅಂತ ಪಕ್ಕದವರು ಕೇಳ್ತಿದ್ದರು. ಅದಕ್ಕೇ ನಾನು ಹೇಳಿದ್ದು, ದನಿ ಕಳಿಸುವುದನ್ನು ಬಿಡಬೇಡಿ ಅಂತ. ಕಷ್ಟದ ವಿಷಯ, ದುಡ್ಡಿನ ವಿಷಯ, ಸಿಟ್ಟಿನ ವಿಷಯ ಇದ್ದರೆ ಬರೆಯುವ ಬದಲು ಮಾತಾಡಿ. ದನಿಯಲ್ಲಿ ಅರ್ಧ ಮುಖ ಇರ್ತದೆ.

ಇನ್ನೊಂದು ತಮಾಷೆ ಇದೆ. ಈಗಿನ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೀತಾರೆ. ಅದರಲ್ಲಿ "ಆಳು", "ಅಳು" ಎರಡೂ ಒಂದೇ ಥರ ಕಾಣ್ತವೆ. ಕಾಫಿ ಕೊಯ್ಲಿನ ಕಾಲದಲ್ಲಿ "ನಾಳೆ ಹತ್ತು ಆಳು ಬೇಕು" ಅಂತ ಬರೆದರೆ, "ಹತ್ತು ಅಳು ಬೇಕು" ಅಂತಲೂ ಓದಬಹುದು. "ಕಲ್ಲು", "ಕಳ್ಳು" ಕೂಡ ಹಾಗೆಯೇ. ಮನೆ ಕಟ್ಟಿಸುವವರು ಒಂದು ಲೋಡು ಕಲ್ಲು ಕೇಳಿದರೆ ಏನು ಬರ್ತದೋ ದೇವರೇ ಬಲ್ಲ! ನೀವು ಕನ್ನಡ ಅಕ್ಷರ ಕಲಿತವರು. ಕನ್ನಡದಲ್ಲೇ ಬರೆಯಿರಿ. ಈಗಿನ ಫೋನುಗಳಲ್ಲಿ ಕನ್ನಡ ಕೀಲಿಮಣೆ ಸಿಗ್ತದೆ. ಮಕ್ಕಳಿಂದ ಹಾಕಿಸಿಕೊಳ್ಳಿ.

ಮರ್ಯಾದೆಯ ಮಾತೂ ಇದೆ. ನಾವು ಎದುರು ಸಿಕ್ಕವರಿಗೆ "ಬನ್ನಿ", "ಕೂತ್ಕೊಳ್ಳಿ" ಅಂತೇವೆ. ವಯಸ್ಸಿನಲ್ಲಿ ಹಿರಿಯರಾದರೆ ಅಕ್ಕ, ಅಣ್ಣ ಅಂತೇವೆ. ಫೇಸ್‌ಬುಕ್ಕಿನಲ್ಲಿ ಗುರುತೇ ಇಲ್ಲದವರಿಗೆ ಎಷ್ಟೋ ಜನ ಏಕವಚನದಲ್ಲಿ ಬರೀತಾರೆ. ಅಸಹ್ಯ ಬೈಗುಳ ಬರೀತಾರೆ. ಅದೇ ಮನುಷ್ಯ ಬಸ್ಸಿನಲ್ಲಿ ಸಿಕ್ಕರೆ ಎದ್ದು ಜಾಗ ಕೊಡ್ತಾನೆ. ಯಾಕೆ ಹೀಗೆ? ಬೈದಾಗ ಆಚೆಯವರ ಕಣ್ಣಲ್ಲಿ ನೀರು ಬಂದದ್ದು ಅವನಿಗೆ ಕಾಣೋದಿಲ್ಲ. ಹಾಗೇ ಇವನ ಹೆಂಡತಿ, ತಾಯಿ ಪಕ್ಕದಲ್ಲಿ ನಿಂತು ಕೇಳ್ತಾ ಇಲ್ಲ.

ಇದಕ್ಕೆ ಕಂಪನಿಯ ಲೆಕ್ಕವೂ ಸೇರ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ನಮ್ಮಿಂದ ನೇರವಾಗಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಹಾಗಾದರೆ ಅವು ಹೇಗೆ ನಡೀತವೆ? ಜಾಹೀರಾತಿನ ದುಡ್ಡಿನಿಂದ. ನಾವು ಎಷ್ಟು ಹೊತ್ತು ನೋಡ್ತೇವೋ ಅಷ್ಟು ಜಾಹೀರಾತು ತೋರಿಸಬಹುದು. ಅದಕ್ಕೆ ಜನ ಹೆಚ್ಚು ಹೊತ್ತು ನೋಡುವ, ಹೆಚ್ಚು ಉತ್ತರ ಬರೆಯುವ ವಿಷಯವನ್ನು ಕಂಪನಿಯ ಯಂತ್ರ ಇನ್ನಷ್ಟು ಜನರಿಗೆ ತೋರಿಸ್ತದೆ. ಸಂತೆಯಲ್ಲಿ ಎಲ್ಲಿ ಜನ ಗುಂಪು ಸೇರ್ತಾರೆ? ಯಾರೋ ಶಾಂತವಾಗಿ ಸೊಪ್ಪು ಮಾರುವಲ್ಲಿ ಅಲ್ಲ. ಜಗಳ ನಡೆಯುವಲ್ಲಿ. ಈ ಯಂತ್ರ ಜಗಳವನ್ನು ಹುಟ್ಟಿಸೋದಿಲ್ಲ. ಜಗಳಕ್ಕೆ ಜನ ಸೇರಿಸಿ ಕೊಡ್ತದೆ. ನನ್ನನ್ನು ಕೇಳಿದರೆ ಅದೂ ಕಡಿಮೆ ತಪ್ಪಲ್ಲ.

ಬರೆದವರು ಯಾರು?

2022ರ ಜುಲೈ ತಿಂಗಳು. ಕೊಡಗಿನಲ್ಲೇ ನಡೆದದ್ದು. ಇನ್‌ಸ್ಟಾಗ್ರಾಂನಲ್ಲಿ ಒಂದು ಬರಹ ಬಂತು. ಕಾವೇರಮ್ಮನನ್ನೂ ಕೊಡವ ಹೆಣ್ಣುಮಕ್ಕಳನ್ನೂ ಬಹಳ ಹೀನಾಯವಾಗಿ ಬರೆದಿದ್ದರು. ಅದನ್ನು ಇಲ್ಲಿ ಹೇಳೋದು ಬೇಡ. ಬರೆದವರ ಜಾಗದಲ್ಲಿ ಒಂದು ಮುಸ್ಲಿಂ ಹೆಸರು ಇತ್ತು.

ಜನರಿಗೆ ಸಿಟ್ಟು ಬಂತು. ಬರುವಂಥದ್ದೇ. ಕಾವೇರಿ ಕೊಡಗಿನವರಿಗೆ ತಾಯಿ. ಹೆಣ್ಣುಮಕ್ಕಳನ್ನು ಹಾಗೆ ಬರೆದರೆ ಯಾರಿಗೆ ತಡೆದುಕೊಳ್ಳೋಕೆ ಆಗ್ತದೆ? ಸಿಟ್ಟು ಯಾರ ಮೇಲೆ ಹೋಗ್ತದೆ? ಹೆಸರಿನ ಮೇಲೆ. ಆ ಹೆಸರಿನ ಜನರ ಮೇಲೆ. ಅಂಗಡಿಯವರು, ಆಟೋದವರು, ನೆರೆಮನೆಯವರು. ಅವರಿಗೂ ಈ ಬರಹಕ್ಕೂ ಏನೂ ಸಂಬಂಧ ಇಲ್ಲದಿದ್ದರೂ.

ಪೊಲೀಸರು ಹುಡುಕಿದರು. ಒಬ್ಬನನ್ನು ಹಿಡಿದರು. ಅವನು ಮುಸ್ಲಿಮನಲ್ಲ. ಬೇರೆ ಧರ್ಮದವರ ಹೆಸರು ಹಾಕಿಕೊಂಡು ಸುಳ್ಳು ಖಾತೆ ತೆರೆದಿದ್ದ ಹಿಂದೂ ಯುವಕ, ಇದೇ ಜಿಲ್ಲೆಯವನು ಅಂತ ಪೊಲೀಸರು ಹೇಳಿದರು.

ಇದನ್ನು ಇನ್ನೊಮ್ಮೆ ಓದಿ. ಸುಳ್ಳು ಹೆಸರಿನ ಖಾತೆ ತೆರೆಯೋದು ಕಷ್ಟ ಅಲ್ಲ. ಯಾರದೋ ಹೆಸರು, ಯಾರದೋ ಫೋಟೊ. ನಮ್ಮ ಊರಿನ ಹಾದಿಯಲ್ಲಿ ಒಬ್ಬ ಮುಖ ಮುಚ್ಚಿಕೊಂಡು ಬಂದು ಬೈದು ಹೋದರೆ, "ಮೊದಲು ಮುಸುಕು ತೆಗಿ" ಅಂತೇವೆ. ಫೋನಿನಲ್ಲಿ ಮುಸುಕು ಇದೆ ಅಂತಲೇ ತಿಳಿಯೋದಿಲ್ಲ. ಪೊಲೀಸರು ಬೇಗ ಹಿಡಿಯದೇ ಇದ್ದಿದ್ದರೆ? ಅಷ್ಟರಲ್ಲಿ ಯಾರಾದರೂ ಒಂದು ಅಂಗಡಿಗೆ ಕಲ್ಲು ಹೊಡೆದಿದ್ದರೆ?

ಕೊನೆಯಲ್ಲಿ ಬರಹ ಇತ್ತು

ಎಲ್ಲ ಕಡೆ ಹಾಗೆ ತಪ್ಪಿಹೋಗಲಿಲ್ಲ. 2018ರಲ್ಲಿ ನಮ್ಮ ರಾಜ್ಯದಲ್ಲೂ, ಬೇರೆ ರಾಜ್ಯಗಳಲ್ಲೂ ಒಂದು ಸುದ್ದಿ ಹಬ್ಬಿತು. "ಮಕ್ಕಳ ಕಳ್ಳರು ಬಂದಿದ್ದಾರೆ." ಅದರ ಜೊತೆಗೆ ಒಂದು ವಿಡಿಯೊ. ಬೈಕಿನಲ್ಲಿ ಇಬ್ಬರು ಬರ್ತಾರೆ. ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗ್ತಾರೆ. ನೋಡಿದ ಯಾವ ತಾಯಿಗೆ ಎದೆ ಹೊಡೆದುಕೊಳ್ಳೋದಿಲ್ಲ?

ಆ ವಿಡಿಯೊ ನಮ್ಮ ದೇಶದ್ದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ತೆಗೆದದ್ದು. ನಿಜವಾದ ಕಳ್ಳತನವೂ ಅಲ್ಲ. ಮಕ್ಕಳ ಬಗ್ಗೆ ಎಚ್ಚರವಾಗಿರಿ ಅಂತ ಜನರಿಗೆ ತಿಳಿಸೋಕೆ ಒಂದು ಸಂಸ್ಥೆ ಮಾಡಿಸಿದ ಚಿತ್ರ. ಕೊನೆಯಲ್ಲಿ ಆ ಬೈಕಿನವರು ವಾಪಸು ಬಂದು ಮಗುವನ್ನು ಇಳಿಸ್ತಾರೆ. ಒಂದು ಫಲಕ ಬಿಚ್ಚಿ ತೋರಿಸ್ತಾರೆ. ಮಗುವನ್ನು ಕದಿಯೋಕೆ ಒಂದು ಗಳಿಗೆ ಸಾಕು ಅಂತ ಅದರಲ್ಲಿ ಬರೆದಿದೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಬರಹ ಹೋಯಿತು. ಭಯ ಉಳಿಯಿತು.

ಆ ಭಯ ಏನು ಮಾಡಿತು ಗೊತ್ತೆ? 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿ ಬಂದಿದ್ದ ಒಬ್ಬನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದರು. ಅವನು ಸತ್ತ. ಜುಲೈ 13ರಂದು ಬೀದರ್ ಜಿಲ್ಲೆ, ಔರಾದ್ ತಾಲೂಕಿನ ಮುರ್ಕಿಯಲ್ಲಿ ಇನ್ನೊಂದು ಸಾವು.

ಮುರ್ಕಿಯ ಕತೆ ಹೀಗೆ. ಹೈದರಾಬಾದಿನ ಕೆಲವು ಯುವಕರು ಕಾರಿನಲ್ಲಿ ಆ ಕಡೆ ಬಂದಿದ್ದರು. ದಾರಿಯಲ್ಲಿ ಒಂದು ಹಳ್ಳಿಯ ಹತ್ತಿರ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ನಾವು ಪೇಟೆಗೆ ಹೋಗಿ ಬಂದಾಗ ಕೊಡೋದಿಲ್ಲವೆ, ಹಾಗೆ. ಅಲ್ಲಿಯವರಿಗೆ ಅನುಮಾನ ಬಂತು. ಸುತ್ತುವರಿದರು. ಹುಡುಗರು ಹೆದರಿ ಕಾರು ಓಡಿಸಿದರು. ಅಷ್ಟರಲ್ಲಿ ವಾಟ್ಸಾಪಿನಲ್ಲಿ ಮಾತು ಮುಂದೆ ಓಡಿತ್ತು. ಕಾರಿಗಿಂತ ಬೇಗ. ಮುರ್ಕಿಯಲ್ಲಿ ದಾರಿಗೆ ಅಡ್ಡ ಹಾಕಿ ಜನ ಕಾಯ್ತಾ ಇದ್ದರು. ಕಾರು ಉರುಳಿತು. ಒಳಗಿದ್ದವರನ್ನು ಎಳೆದು ಹೊಡೆದರು. ಬಿಡಿಸೋಕೆ ಬಂದ ಪೊಲೀಸರಿಗೂ ಏಟು ಬಿತ್ತು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತ. ಅವನ ಮನೆಯಲ್ಲಿ ಚಿಕ್ಕ ಮಗು ಇತ್ತು. ಆಮೇಲೆ ಪೊಲೀಸರು ಸುಮಾರು 30 ಜನರನ್ನು ಹಿಡಿದರು. ವಾಟ್ಸಾಪ್ ಗ್ರೂಪು ನಡೆಸುವವನೂ ಅದರಲ್ಲಿದ್ದ.

ಇಲ್ಲಿ ಗುಂಡಿನ ಸದ್ದನ್ನು ನೆನೆಯಿರಿ. ಅದನ್ನು ಕೇಳಿದವರು ಮನೆಗೆ ಹೋಗಿ ಏನಾಯ್ತು ಅಂತ ಕೇಳ್ತಿದ್ದರು. ಮುರ್ಕಿಯಲ್ಲಿ "ಏನಾಯ್ತು?" ಅಂತ ಯಾರೂ ಕೇಳಲಿಲ್ಲ. ಆಗಲೇ ಗೊತ್ತಿದೆ ಅಂದುಕೊಂಡಿದ್ದರು.

ಇದು ದೂರದ ಬೀದರಿನ ಮಾತು ಅಂತ ಬಿಡುವ ಹಾಗಿಲ್ಲ. ನಮ್ಮ ತೋಟಗಳಲ್ಲಿ ಅಸ್ಸಾಂ, ಬಂಗಾಳದಿಂದ ಬಂದವರು ಇದ್ದಾರೆ. ಅವರ ಮಾತು ನಮಗೆ ತಿಳಿಯೋದಿಲ್ಲ, ನಮ್ಮ ಮಾತು ಅವರಿಗೆ ಅರ್ಧಂಬರ್ಧ. ನಾಳೆ ಇಂಥ ವಿಡಿಯೊ ನಮ್ಮ ಊರ ಗ್ರೂಪಿಗೆ ಬಂದರೆ ಮೊದಲು ಯಾರ ಲೈನ್ ಮನೆ ಬಾಗಿಲು ಬಡೀತಾರೆ?

ಆ ವರ್ಷವೇ, 2018ರ ಜುಲೈನಲ್ಲಿ, ವಾಟ್ಸಾಪ್ ಕಂಪನಿ ಒಂದು ಕಟ್ಟು ಹಾಕಿತು. ನಮ್ಮ ದೇಶದಲ್ಲಿ ಬಂದ ಮಾತನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ದಾಟಿಸುವ ಹಾಗಿಲ್ಲ. 2020ರಲ್ಲಿ, ಬಹಳ ಸಲ ದಾಟಿ ಬಂದ ಮಾತನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು ಅಂತ ಮಾಡಿದರು. ದಾಟಿ ಬಂದ ಮಾತಿನ ಮೇಲೆ ಈಗ ಸಣ್ಣ ಬಾಣದ ಗುರುತು ಇರ್ತದೆ. ಒಂದು ಬಾಣ ಇದ್ದರೆ, ಕಳಿಸಿದವರು ತಾವೇ ಬರೆದದ್ದಲ್ಲ. ಎರಡು ಬಾಣ ಇದ್ದರೆ, ಅದು ಬಹಳ ಕೈ ದಾಟಿದೆ. ಮನೆಗೆ ಹೋಗಿ ನಿಮ್ಮ ಫೋನಿನಲ್ಲಿ ಹುಡುಕಿ ನೋಡಿ.

ಪ್ರತಿ ಮಾತಿನ ಮೂಲೆಯಲ್ಲಿ ಹೊತ್ತು ಇರ್ತದೆ. 10-40, 6-15 ಹೀಗೆ. ನೆನಪಿಡಿ, ಅದು ನಿಮ್ಮ ಗ್ರೂಪಿಗೆ ಬಂದ ಹೊತ್ತು. ಆ ಮಾತು ಹುಟ್ಟಿದ ಹೊತ್ತು ಅಲ್ಲ. ಹುಟ್ಟಿದ ದಿನ ಬೇಕಾದರೆ ಬರಹದ ಒಳಗೆ ಹುಡುಕಬೇಕು. ಅಲ್ಲೂ ಇಲ್ಲದಿದ್ದರೆ ಕಳಿಸಿದವರನ್ನೇ ಕೇಳಿ. "ಅಕ್ಕ, ಇದು ಯಾವತ್ತಿನದು? ನಿಮಗೆ ಯಾರು ಹೇಳಿದ್ದು?" ಕೇಳಿದರೆ ಯಾರೂ ತಪ್ಪು ತಿಳಿಯೋದಿಲ್ಲ. ತಿಳಿದರೂ ಪರವಾಗಿಲ್ಲ.

ಮೊದಲೆಲ್ಲ ಫೋನಿಗೆ ಬಂದದ್ದನ್ನು ಗಂಡನೋ ಮಗನೋ ಓದಿ ಹೇಳಬೇಕಿತ್ತು. ಅವರು ಹೇಳಿದಷ್ಟೇ ನಿಮಗೆ ಸುದ್ದಿ. "ಏನೋ ಇದೆ, ನಿಂಗ್ಯಾಕೆ" ಅಂದರೆ ಅಲ್ಲಿಗೆ ಮುಗೀತು. ಈಗ ಕೆಳಗಿನ ಸಣ್ಣ ಅಕ್ಷರವನ್ನೂ ನೀವೇ ಓದಬಹುದು. ಕತ್ತರಿಸಿದ ಕೊನೆ ಎಲ್ಲಿ ಅಂತ ಕೇಳಬಹುದು.

ನಿಮ್ಮನ್ನೇ ಯಾರಾದರೂ ಕೆಟ್ಟದಾಗಿ ಬರೆದರೆ? ನಿಮ್ಮ ಅಥವಾ ಮಗಳ ಫೋಟೊ ಹಾಕಿ ಹೆದರಿಸಿದರೆ? ನಾಚಿಕೆ ಅಂತ ಎಲ್ಲವನ್ನೂ ಅಳಿಸಿ ಹಾಕಬೇಡಿ. ಅದೇ ಸಾಕ್ಷಿ. ಪರದೆಯ ಚಿತ್ರ ತೆಗೆಸಿ ಇಟ್ಟುಕೊಳ್ಳಿ. ಆಮೇಲೆ ಅವರು ನಿಮಗೆ ಬರೆಯದ ಹಾಗೆ ಬ್ಲಾಕ್ ಮಾಡಿ. ಹತ್ತಿರದ ಪೊಲೀಸ್ ಠಾಣೆಗೆ ದೂರು ಕೊಡಿ. ಫೋನಿನಲ್ಲಿ ಮೋಸ ಮಾಡಿ ದುಡ್ಡು ಹೊಡೆದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಹೆಂಗಸರ ಸಹಾಯವಾಣಿ 181. ಕೂಡಲೇ ಪೊಲೀಸರು ಬೇಕಾದರೆ 112. ಈ ಮೂರು ನಂಬರುಗಳನ್ನು ಪುಸ್ತಕದ ರಟ್ಟಿನ ಒಳಗೆ ಬರೆದುಕೊಳ್ಳಿ. ಫೋನಿನಲ್ಲಿ ಮಾತ್ರ ಬರೆದಿಟ್ಟರೆ, ಫೋನೇ ಕಳೆದಾಗ ಏನು ಮಾಡ್ತೀರಿ?

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರ್ತಿದ್ದರು. ತೋಟದ ಕೆಲಸ ಮುಗಿಸಿ, ಕೈ ತೊಳೆದು ಬರ್ತಿದ್ದರು. ಅವರ ಮಗಳು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದ್ತಿದ್ದಳು. ಒಂದು ಸಂಜೆ ಆ ಅಕ್ಕ ಫೋನಿನಲ್ಲಿ ಮೊದಲ ಸಲ ಬರೆದರು. ಅಕ್ಷರ ಹುಡುಕಿ, ಒತ್ತಿ, ಅಳಿಸಿ, ಮತ್ತೆ ಒತ್ತಿ, ಅರ್ಧ ಗಂಟೆ ಹಿಡಿಯಿತು. "ಊಟ ಆಯ್ತಾ ಮಗಾ."

ಎರಡು ನಿಮಿಷಕ್ಕೆ ಮಗಳ ಕರೆ ಬಂತು. "ಅಮ್ಮ, ನಿನ್ನ ಫೋನ್ ಯಾರ ಹತ್ರ ಇದೆ?"

"ನನ್ನ ಹತ್ರಾನೇ ಇದೆ. ನಾನೇ ಬರೆದದ್ದು."

ಮಗಳು ನಂಬಲಿಲ್ಲ. "ಹೌದಾ? ಹಾಗಾದ್ರೆ ಇನ್ನೊಂದು ಬರೆದು ಕಳಿಸು ನೋಡೋಣ. ನಮ್ಮಿಬ್ಬರಿಗೇ ಗೊತ್ತಿರೋದು ಏನಾದ್ರೂ."

ಅಕ್ಕ ಮತ್ತೆ ಕೂತರು. ನಾವೆಲ್ಲ ಸುತ್ತ ನಿಂತು ನೋಡ್ತಿದ್ದೆವು. ನೋಡಬೇಡಿ ಅಂತ ಫೋನನ್ನು ಸೆರಗಿನ ಮರೆಗೆ ಹಿಡಿದರು. ಏನು ಬರೆದರೋ ನಮಗೆ ಇವತ್ತಿಗೂ ಗೊತ್ತಿಲ್ಲ. ಮಗಳು ಮತ್ತೆ ಫೋನ್ ಮಾಡಿದಳು. ಅಷ್ಟು ಹೊತ್ತು ನಗುವುದು ಮಾತ್ರ ನಮಗೆ ಕೇಳಿಸಿತು.